ಶಬ್ದ ಎಲ್ಲಿ ನಿಂತಿತು ಎಂದು ಹುಡುಕುವ ಪಾಠ

ಕಂಪ್ಯೂಟರಿನಲ್ಲಿ ಶಬ್ದ ಬಾರದಿದ್ದರೆ ನಮ್ಮಲ್ಲಿ ಸಾಮಾನ್ಯವಾಗಿ ಮೂರು ಕೆಲಸ ನಡೆಯುತ್ತದೆ. ಒಮ್ಮೆ ಆಫ್ ಮಾಡಿ ಆನ್ ಮಾಡುವುದು, ವಯರು ಅಲ್ಲಾಡಿಸುವುದು, ಅದೂ ಆಗದಿದ್ದರೆ ಪೇಟೆಗೆ ಒಯ್ಯುವುದು. ನಾಲ್ಕನೆಯದ್ದು ಒಂದು ಉಂಟು. ಶಬ್ದ ಎಲ್ಲಿಂದ ಹೊರಟಿತು, ಎಲ್ಲಿಯವರೆಗೆ ಬಂತು, ಎಲ್ಲಿ ನಿಂತಿತು ಎಂದು ಹುಡುಕುವುದು. ಈ ನಾಲ್ಕನೆಯದನ್ನು ನಾವು ಮಕ್ಕಳಿಗೆ ಕಲಿಸುತ್ತಿಲ್ಲ. ಕಲಿಸಬೇಕು, ಅದೂ ಕನ್ನಡದಲ್ಲಿಯೇ ಕಲಿಸಬೇಕು. ಅದಕ್ಕೆ ಶಾಲೆಯ ಲ್ಯಾಬಿಗಿಂತಲೂ ಮನೆಯಲ್ಲಿ ಮಕ್ಕಳೇ ಕಟ್ಟಿದ ಆಟದ ಪೆಟ್ಟಿಗೆ ಒಳ್ಳೆಯ ಉಪಕರಣ ಎನ್ನುವುದು ನಮ್ಮ ಅಭಿಪ್ರಾಯ. ಆಟ ಎಂದ ಕೂಡಲೇ ಹುಬ್ಬು ಗಂಟಿಕ್ಕುವ ಹೆತ್ತವರು ದಯವಿಟ್ಟು ಸ್ವಲ್ಪ ತಾಳ್ಮೆಯಿಂದ ಮುಂದೆ ಓದಬೇಕು.

ಆರ್ಕೇಡ್ ಕ್ಯಾಬಿನೆಟ್ ಅಂದರೆ ಆಳೆತ್ತರದ ಒಂದು ಕಪಾಟು. ಎದುರಿಗೆ ಪರದೆ, ಅದರ ಕೆಳಗೆ ಕೋಲು ಮತ್ತು ಗುಂಡಿಗಳು, ಒಳಗೆ ಸರ್ಕ್ಯೂಟ್ ಬೋರ್ಡು, ಮೇಲೆ ಸ್ಪೀಕರ್. ಕಾಸು ಹಾಕಿ ಆಡುವ ಈ ಯಂತ್ರಗಳಿಂದಲೇ ವಿಡಿಯೋ ಗೇಮ್ ಎನ್ನುವುದು ಜಗತ್ತಿಗೆ ಪರಿಚಯವಾದದ್ದು ಎನ್ನಬಹುದು. 1978ರಲ್ಲಿ ಜಪಾನಿನ ಟೈಟೋ ಕಂಪೆನಿಯ 'ಸ್ಪೇಸ್ ಇನ್‌ವೇಡರ್ಸ್' ಬಂತು, 1980ರಲ್ಲಿ ನಾಮ್ಕೋದವರ 'ಪ್ಯಾಕ್‌ಮ್ಯಾನ್'. ಸ್ಪೇಸ್ ಇನ್‌ವೇಡರ್ಸಿನಲ್ಲಿ ನಾಲ್ಕೇ ನಾಲ್ಕು ತಗ್ಗಿನ ಸ್ವರಗಳು ಮತ್ತೆ ಮತ್ತೆ ಬರುತ್ತವೆ. ಶತ್ರುಗಳ ಸಂಖ್ಯೆ ಕಡಿಮೆಯಾದಂತೆ ಆ ಸ್ವರಗಳ ವೇಗ ಏರುತ್ತದೆ, ಆಡುವವನ ಎದೆಬಡಿತವೂ ಅದರ ಜೊತೆಗೆ ಏರುತ್ತದೆ. ನಮ್ಮ ಯಕ್ಷಗಾನದಲ್ಲಿ ಯುದ್ಧದ ಪದಕ್ಕೆ ಚೆಂಡೆಯ ಪೆಟ್ಟು ಬಿರುಸಾಗುವುದನ್ನು ಕೇಳಿ ಬೆಳೆದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಶಬ್ದ ತೆಗೆದರೆ ಆ ಆಟ ಅರ್ಧ ಸತ್ತ ಹಾಗೆ.

ಅಂದ ಹಾಗೆ, ಆ ಹಳೆಯ ಯಂತ್ರಗಳಲ್ಲಿ ಶಬ್ದ ಹೆಚ್ಚು ಕಡಿಮೆ ಮಾಡುವ ತಿರುಪು ಆಡುವವನ ಕೈಗೆ ಸಿಗುತ್ತಿರಲಿಲ್ಲ. ಅದು ಒಳಗೆ, ಬೋರ್ಡಿನ ಮೇಲೋ ಕಾಸಿನ ಬಾಗಿಲ ಹಿಂದೆಯೋ ಇರುತ್ತಿತ್ತು. ಬೀಗದ ಕೈ ಇದ್ದ ಅಂಗಡಿಯವನು ಮಾತ್ರ ತಿರುಗಿಸಬಹುದಿತ್ತು. ಆದರೂ ಅಲ್ಲಿ ಒಂದು ಅನುಕೂಲ ಇತ್ತು: ತಿರುಪು ಇದ್ದದ್ದು ಒಂದೇ. ಈಗ ಕಂಪ್ಯೂಟರ್ ಇಟ್ಟು ಮನೆಯಲ್ಲಿ ಕಟ್ಟುವ ಪೆಟ್ಟಿಗೆಯಲ್ಲಿ ಐದಾರು ತಿರುಪುಗಳಿರುತ್ತವೆ, ಹೆಚ್ಚಿನವು ಕಣ್ಣಿಗೆ ಕಾಣುವುದಿಲ್ಲ. ತೊಂದರೆ ಹುಟ್ಟುವುದೇ ಅಲ್ಲಿ.

ನಮ್ಮ ಶಾಲೆಯ ಕೆಲವು ಮಕ್ಕಳು ಬೇಸಗೆ ರಜೆಯಲ್ಲಿ ಇಂಥ ಒಂದು ಪೆಟ್ಟಿಗೆ ಕಟ್ಟಿದರು. ಕೇರಳದ ಹೈಸ್ಕೂಲುಗಳಲ್ಲಿ 2018ರಿಂದ 'ಲಿಟ್ಲ್ ಕೈಟ್ಸ್' ಎಂಬ ಐಟಿ ಕ್ಲಬ್ ನಡೆಯುತ್ತಿರುವುದು ಓದುಗರಿಗೆ ಗೊತ್ತಿದೆ. ಅದರಲ್ಲಿ ಸ್ಕ್ರ್ಯಾಚ್ ಕಲಿತ ಮಕ್ಕಳೇ ಇವರು. ಒಬ್ಬಳ ಅಣ್ಣ ಯಾರದೋ ಆಫೀಸಿನಿಂದ ಹೊರಹಾಕಿದ ಹಳೆಯ ಡೆಸ್ಕ್‌ಟಾಪ್ ತಂದುಕೊಟ್ಟ. ಗೆದ್ದಲು ಹಿಡಿಯದೆ ಉಳಿದಿದ್ದ ಒಂದು ಹಳೆಯ ಕಪಾಟಿನ ಹಲಗೆ, ಕಾರಿನಿಂದ ಬಿಚ್ಚಿದ ಎರಡು ಸ್ಪೀಕರ್, ಅಂಗೈಗಿಂತ ಚಿಕ್ಕದಾದ ಒಂದು ಆಂಪ್ಲಿಫೈಯರ್ ಬೋರ್ಡು. ಗುಂಡಿಗಳಿಗೆ ಬೇಕಾದ ಸರ್ಕ್ಯೂಟನ್ನು ಅವರು ಕೊಂಡುಕೊಳ್ಳಲೇ ಇಲ್ಲ. ಹಾಳಾದ ಯುಎಸ್‌ಬಿ ಕೀಬೋರ್ಡಿನ ಹೊಟ್ಟೆ ಬಿಚ್ಚಿ, ಒಳಗಿನ ಪುಟ್ಟ ಬೋರ್ಡಿನ ಯಾವ ಎರಡು ಕಾಲು ಮುಟ್ಟಿಸಿದರೆ ಯಾವ ಅಕ್ಷರ ಬರುತ್ತದೆ ಎಂದು ಒಂದೊಂದಾಗಿ ನೋಡಿ, ನೋಟ್ ಪುಸ್ತಕದಲ್ಲಿ ಕೋಷ್ಟಕ ಬರೆದು, ಗುಂಡಿಗಳಿಗೆ ವಯರು ಎಳೆದರು. ಆ ಕೋಷ್ಟಕ ನೋಡಿದಾಗ ನಮಗೆ ಆದ ಸಂತೋಷ ಪರೀಕ್ಷೆಯ ಉತ್ತರ ಪತ್ರಿಕೆ ನೋಡುವಾಗ ಅಪರೂಪಕ್ಕೆ ಆಗುತ್ತದೆ.

ಒಳಗಿನ ತಂತ್ರಾಂಶ ಲಿನಕ್ಸ್. ಮಕ್ಕಳು ತಾವೇ ಬರೆದ ಸ್ಕ್ರ್ಯಾಚ್ ಆಟಗಳು, ಜೊತೆಗೆ ರೆಟ್ರೋಆರ್ಚ್ ಎಂಬ ತಂತ್ರಾಂಶದಲ್ಲಿ ಓಡುವ, ಉಚಿತವಾಗಿ ಹಂಚಲು ಅನುಮತಿ ಇರುವ ಕೆಲವು ಹಳೆಯ ಆಟಗಳು. ಇಲ್ಲಿ ಒಂದು ಮಾತು ಹೇಳಬೇಕು. ಹಳೆಯ ಯಂತ್ರವನ್ನು ಅನುಕರಿಸುವ ತಂತ್ರಾಂಶ ಬೇರೆ, ಅದರಲ್ಲಿ ಓಡುವ ಆಟ ಬೇರೆ. 1997ರಲ್ಲಿ ಶುರುವಾದ 'ಮೇಮ್' ಎಂಬ ಪ್ರಸಿದ್ಧ ಅನುಕರಣ ತಂತ್ರಾಂಶ 2016ರಿಂದ ಮುಕ್ತ ತಂತ್ರಾಂಶ. ಆದರೆ ಅದರಲ್ಲಿ ಆಡುವ ಆಟಗಳ ಹಕ್ಕು ಬಹುತೇಕ ಕಂಪೆನಿಗಳ ಕೈಯಲ್ಲೇ ಇದೆ. ಸಿಕ್ಕಿದ್ದನ್ನೆಲ್ಲ ಇಳಿಸಿಕೊಳ್ಳುವುದನ್ನು ನಾವು ಮಕ್ಕಳಿಗೆ ಹೇಳಿಕೊಡುವುದಿಲ್ಲ.

ಪೆಟ್ಟಿಗೆ ಚೆನ್ನಾಗಿಯೇ ಓಡಿತು. ವಾರ ಕಳೆಯುವಷ್ಟರಲ್ಲಿ ಶಬ್ದ ಕೆಟ್ಟಿತು. ಕೆಟ್ಟದ್ದೂ ವಿಚಿತ್ರವಾಗಿ. ಒಮ್ಮೆಲೇ ಹೋಗಲಿಲ್ಲ, ಆಡುತ್ತಾ ಆಡುತ್ತಾ ಸಣ್ಣಗಾಗುತ್ತಾ ಹೋಯಿತು. ಮರುದಿನ ಹಾಕಿದರೆ ಹಿಂದಿನ ದಿನ ಎಷ್ಟಕ್ಕೆ ಇಳಿದಿತ್ತೋ ಅಲ್ಲಿಂದಲೇ ಶುರು. ಪೇಟೆಯ ಒಂದು ರಿಪೇರಿ ಅಂಗಡಿಗೆ ಫೋನ್ ಮಾಡಿದಾಗ ಬಂದ ಉತ್ತರ, "ಸೌಂಡ್ ಹೋಗಿದೆ, ಬೋರ್ಡ್ ಚೇಂಜ್ ಮಾಡ್ಬೇಕು". ನೋಡದೆಯೇ! ಹುಡುಗಿಯ ತಂದೆಯವರು ನಮಗೆ ಹೇಳಿದ ಮಾತು ಇನ್ನೂ ಚುಚ್ಚುವಂಥದ್ದು: "ಇದೆಲ್ಲ ಇಂಗ್ಲಿಷ್ ಮೀಡಿಯಮ್ಮಿನ ಮಕ್ಕಳಿಗೆ ಆಗುವ ಕೆಲಸ ಸರ್, ನಮ್ಮವಕ್ಕೆ ಎಂತಕ್ಕೆ?"

ಅವರು ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ಆದರೆ ಗಡಿಯ ಈಚೆಗಿನ ಕನ್ನಡ ಶಾಲೆಗಳಲ್ಲಿ ಕೆಲಸ ಮಾಡುವ ನಮಗೆಲ್ಲ ಆ ಮಾತಿನ ತೂಕ ಗೊತ್ತು. ಒಂದನೇ ತರಗತಿಗೆ ಮಗುವನ್ನು ಎಲ್ಲಿಗೆ ಕಳುಹಿಸಬೇಕೆಂದು ಮನೆಯಲ್ಲಿ ಚರ್ಚೆ ಆಗುವಾಗ ಗೆಲ್ಲುವುದು ಇದೇ ಮಾತು. ಪಠ್ಯಪುಸ್ತಕ ಕನ್ನಡದಲ್ಲಿದೆ, ಐಸಿಟಿ ಪುಸ್ತಕವೂ ಕನ್ನಡದಲ್ಲಿ ಬರುತ್ತದೆ, ಅಧ್ಯಾಪಕರಿದ್ದಾರೆ. ಆದರೂ 'ಯಂತ್ರದ ವಿಷಯ ಕನ್ನಡದಲ್ಲಿ ಆಗುವುದಲ್ಲ' ಎನ್ನುವ ನಂಬಿಕೆ ಗಟ್ಟಿಯಾಗಿ ಕೂತಿದೆ. ಭಾಷಣದಿಂದ ಅದು ಹೋಗುವುದಿಲ್ಲ. ಹಾಗಾಗಿ ನಾವು ಇಬ್ಬರು ಅಧ್ಯಾಪಕರು ಒಂದು ಶನಿವಾರ ಆ ಮನೆಗೆ ಹೋದೆವು, ರಿಪೇರಿ ಮಾಡಲಿಕ್ಕೆ ಅಲ್ಲ, ಮಕ್ಕಳು ಮಾಡುವುದನ್ನು ನೋಡಲಿಕ್ಕೆ.

ಮೊದಲು ಕೇಳಿದ್ದು ಒಂದೇ ಪ್ರಶ್ನೆ: ನಿಮ್ಮ ಮನೆಯ ನಲ್ಲಿಯಲ್ಲಿ ನೀರು ಸಣ್ಣಗೆ ಬಂದರೆ ಎಂತ ಮಾಡ್ತೀರಿ? ಅದು ಗುಡ್ಡದ ಬದಿಯ ಮನೆ. ಗುಡ್ಡದ ಸುರಂಗದಿಂದ ನೀರು ಬಂದು ಮಣ್ಣಿನ ಟ್ಯಾಂಕಿಗೆ ಬೀಳುತ್ತದೆ. ಹಿಂದೆ ಅಡಿಕೆ ದಂಬೆಯಲ್ಲಿ ಹರಿಯುತ್ತಿದ್ದದ್ದು ಈಗ ಪೈಪಿನಲ್ಲಿ ಬರುತ್ತದೆ. ಅಲ್ಲಿಂದ ಒಂದು ಗೇಟ್ ವಾಲ್ವ್ ದಾಟಿ ತೋಟಕ್ಕೆ, ಇನ್ನೊಂದು ದಾಟಿ ಅಡಿಗೆ ಮನೆಗೆ. ಮಕ್ಕಳು ಬಾಯಿಪಾಠದ ಹಾಗೆ ಹೇಳಿದರು: "ಅಡಿಗೆ ಮನೆಯಲ್ಲಿ ಸಣ್ಣ ಬಂದ್ರೆ ಬಚ್ಚಲಿನ ನಲ್ಲಿ ನೋಡೂದು. ಅಲ್ಲಿ ಸರಿ ಇದ್ರೆ ಅಡಿಗೆ ಮನೆಯ ನಲ್ಲಿಯಲ್ಲೇ ಕಸ. ಅಲ್ಲಿಯೂ ಸಣ್ಣ ಇದ್ರೆ ವಾಲ್ವ್ ನೋಡೂದು. ವಾಲ್ವ್ ಸರಿ ಇದ್ರೆ ಟ್ಯಾಂಕಿ." ಇದಕ್ಕಿಂತ ಒಳ್ಳೆಯ ದೋಷಪತ್ತೆಯ ಪಾಠ ಯಾವ ಇಂಗ್ಲಿಷ್ ಪುಸ್ತಕದಲ್ಲಿದೆ? ಶಬ್ದದ ದಾರಿಯನ್ನೂ ಹೀಗೆಯೇ ಬರೆಯಿರಿ ಎಂದೆವು.

ಅವರು ಬರೆದ ಚಿತ್ರ ಹೀಗಿತ್ತು. ಸುರಂಗ ಅಂದರೆ ಆಟ. ಅದರೊಳಗೇ ಒಂದು ವಾಲ್ವ್ ಉಂಟು, ಸ್ಕ್ರ್ಯಾಚಿನಲ್ಲಿ ಶಬ್ದದ ಮಟ್ಟವನ್ನು ಶೇಕಡಾದಲ್ಲಿ ನಿಗದಿ ಮಾಡುವ ಬ್ಲಾಕ್ ಇರುವುದು ಅದಕ್ಕೇ. ಮುಂದೆ ರೆಟ್ರೋಆರ್ಚಿನದ್ದೇ ಒಂದು ವಾಲ್ವ್. ಅದರ ಕೆಳಗೆ ಲಿನಕ್ಸಿನಲ್ಲಿ ಪ್ರತಿಯೊಂದು ತಂತ್ರಾಂಶಕ್ಕೂ ಬೇರೆ ಬೇರೆ ಶಬ್ದಮಟ್ಟ ಇಡುವ ವ್ಯವಸ್ಥೆ. ಅದರ ಕೆಳಗೆ ಸೌಂಡ್ ಕಾರ್ಡಿನ 'ಮಾಸ್ಟರ್', 'ಪಿಸಿಎಂ', 'ಹೆಡ್‌ಫೋನ್' ಎಂಬ ಕಂಬಗಳು. ಆಮೇಲೆ ಹೊರಗಿನ ವಯರು, ಆಂಪ್ಲಿಫೈಯರ್, ಕೊನೆಗೆ ಸ್ಪೀಕರ್ ಎಂಬ ನಲ್ಲಿ. ಇಷ್ಟು ವಾಲ್ವ್‌ಗಳು ಒಂದರ ಹಿಂದೆ ಒಂದು ಇದ್ದರೆ, ಯಾವುದೋ ಒಂದು ಅರ್ಧ ಮುಚ್ಚಿದರೆ ಉಳಿದವನ್ನೆಲ್ಲ ಪೂರ್ತಿ ತೆರೆದರೂ ನೀರು ಸಣ್ಣಗೇ ಬರುತ್ತದೆ. ಇದು ಚಿತ್ರ ನೋಡಿದ ಕೂಡಲೇ ಚಿಕ್ಕ ತಮ್ಮನಿಗೂ ಅರ್ಥವಾಯಿತು.

ಇನ್ನು ನಡುವಿನಿಂದ ಹಿಡಿಯುವುದು ಜಾಣತನ. ಲಿನಕ್ಸಿನಲ್ಲಿ ಸ್ಪೀಕರ್ ಪರೀಕ್ಷೆ ಎಂಬ ಸೌಲಭ್ಯವಿದೆ. ಆಟವನ್ನು ಬಿಟ್ಟು ನೇರವಾಗಿ ಎಡ, ಬಲ ಎಂದು ಕೂಗಿಸಬಹುದು. ಅದು ಜೋರಾಗಿ ಕೇಳಿತು. ಅಲ್ಲಿಗೆ ಸೌಂಡ್ ಕಾರ್ಡು, ಆಂಪ್ಲಿಫೈಯರ್, ಸ್ಪೀಕರ್ ಮೂರೂ ನಿರಪರಾಧಿಗಳು. ಅಂಗಡಿಯವರು ಹೇಳಿದ ಬೋರ್ಡು ಬದಲಿಸುವ ಖರ್ಚು ಒಂದೇ ನಿಮಿಷದಲ್ಲಿ ಉಳಿಯಿತು. ಒಂದು ಹಾಡು ಹಾಕಿದರು, ಸರಿ ಇತ್ತು. ಸ್ಕ್ರ್ಯಾಚ್ ಆಟ ಹಾಕಿದರು, ಸರಿ ಇತ್ತು. ರೆಟ್ರೋಆರ್ಚಿನ ಆಟ ಹಾಕಿದರು, ಸೊಳ್ಳೆ ಗುಂಯ್‌ಗುಡುವ ಹಾಗೆ ಬಂತು. ದೋಷ ಇರುವ ಜಾಗ ಈಗ ಒಂದು ಕೋಣೆಯಷ್ಟಕ್ಕೆ ಬಂತು.

ರೆಟ್ರೋಆರ್ಚಿನ ಒಳಗಿನ ಶಬ್ದಮಟ್ಟ ನೋಡಿದರೆ ಸೊನ್ನೆ ಡೆಸಿಬೆಲ್ ಇರಬೇಕಾದಲ್ಲಿ ತುಂಬ ಕೆಳಗೆ, ಮೈನಸ್ಸಿನಲ್ಲಿ ಇತ್ತು. ಸೊನ್ನೆಗೆ ತಂದರು. ಸರಿಯಾಯಿತು. ಬಹಳಷ್ಟು ಜನ ಇಲ್ಲಿಗೆ ಚಪ್ಪಾಳೆ ತಟ್ಟಿ ಎದ್ದುಬಿಡುತ್ತಾರೆ. ಆದರೆ ಒಂಬತ್ತನೆಯ ಆ ಹುಡುಗಿ ಏಳಲಿಲ್ಲ. "ಇದನ್ನು ಇಳಿಸಿದ್ದು ಯಾರು ಸರ್? ನಾವು ಯಾರೂ ಮುಟ್ಟಲಿಲ್ಲ" ಎಂದಳು. ಸರಿಪಡಿಸುವುದು ಬೇರೆ, ಕಾರಣ ತಿಳಿಯುವುದು ಬೇರೆ ಎಂದು ಅವಳಿಗೆ ಯಾರೂ ಹೇಳಿಕೊಟ್ಟದ್ದಲ್ಲ.

ಮತ್ತೆ ಆಡಿ ನೋಡಿದರು. ಒಬ್ಬನೇ ಆಡಿದರೆ ಅರ್ಧ ಗಂಟೆಯಾದರೂ ಇಳಿಯುವುದಿಲ್ಲ. ಇಬ್ಬರು ಆಡಿದರೆ ಇಳಿಯುತ್ತದೆ. ಎರಡನೆಯವನು ಸುಮ್ಮನೆ ಕೋಲು ಮಾತ್ರ ಆಡಿಸಿದರೆ ಇಳಿಯುವುದಿಲ್ಲ. ಅವನ ಮೂರನೆಯ ಗುಂಡಿ ಒತ್ತಿದರೆ ಪ್ರತಿ ಸಲ ಒಂದಿಷ್ಟು ಇಳಿಯುತ್ತದೆ! ಕೋಷ್ಟಕ ತೆಗೆದು ನೋಡಿದರೆ ಆ ಗುಂಡಿಗೆ ಸೇರಿಸಿದ್ದು ಕೀಬೋರ್ಡಿನ ಬಲಬದಿಯ ಅಂಕೆಗಳ ಪಟ್ಟಿಯಲ್ಲಿರುವ ಮೈನಸ್ ಕೀಲಿ. ರೆಟ್ರೋಆರ್ಚಿನಲ್ಲಿ ಆ ಮೈನಸ್ ಕೀಲಿಗೆ ಮೊದಲೇ ಒಂದು ಕೆಲಸ ಒಪ್ಪಿಸಿರುತ್ತಾರೆ: ಶಬ್ದ ಇಳಿಸುವುದು. ಪ್ಲಸ್ ಕೀಲಿ ಏರಿಸುತ್ತದೆ, ಎಫ್9 ಪೂರ್ತಿ ಮುಚ್ಚುತ್ತದೆ. ಅಂದರೆ ಎರಡನೆಯ ಆಟಗಾರ ಪ್ರತಿ ಸಲ ಹಾರಿದಾಗ ಅವನಿಗೆ ಗೊತ್ತಿಲ್ಲದೆ ವಾಲ್ವ್ ಒಂದು ಸುತ್ತು ಮುಚ್ಚುತ್ತಿದ್ದ. ಶಬ್ದ ಇಳಿದಾಗ ಪರದೆಯ ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿ ಸೂಚನೆ ಬರುತ್ತದೆ, ಆದರೆ ಆಟಕ್ಕೆ ಅಡ್ಡ ಆಗುತ್ತದೆಂದು ಅದನ್ನು ಮೊದಲೇ ನಿಲ್ಲಿಸಿದ್ದರು. ತಂತ್ರಾಂಶ ಮುಚ್ಚುವಾಗ ಎಲ್ಲ ಮಟ್ಟಗಳನ್ನೂ ಉಳಿಸಿಡುವ ಏರ್ಪಾಡು ಇರುವುದರಿಂದ ಮರುದಿನವೂ ಅಲ್ಲಿಂದಲೇ ಶುರು. ಎರಡೂ ಒಗಟು ಒಟ್ಟಿಗೆ ಬಿಡಿಸಿದ ಹಾಗಾಯಿತು.

ಖಚಿತ ಮಾಡಿಕೊಳ್ಳಲು ಆ ಗುಂಡಿಯ ವಯರನ್ನು ಮೊದಲನೆಯ ಆಟಗಾರನ ಗುಂಡಿಗೆ ಹಾಕಿ ನೋಡಿದರು. ತೊಂದರೆಯೂ ಅವನ ಕಡೆಗೆ ಹೋಯಿತು. ದೋಷವನ್ನು ಜಾಗ ಬದಲಿಸಲು ಸಾಧ್ಯವಾದರೆ ಅದು ಕೈಗೆ ಸಿಕ್ಕಿತು ಎಂದೇ ಲೆಕ್ಕ. ಪರಿಹಾರ ಸುಲಭ: ಮೈನಸ್ ಕೀಲಿಯ ಆ ಕೆಲಸವನ್ನು ತೆಗೆದುಹಾಕಿದರು. ವಿಜ್ಞಾನದ ಪಾಠದಲ್ಲಿ ನಾವು ಊಹೆ, ಪ್ರಯೋಗ, ಒಂದು ಸಲಕ್ಕೆ ಒಂದೇ ಅಂಶ ಬದಲಿಸುವುದು ಎಂದೆಲ್ಲ ಕಪ್ಪುಹಲಗೆಯಲ್ಲಿ ಬರೆಯುತ್ತೇವಲ್ಲ, ಅದು ಅವತ್ತು ಒಂದು ಕಪಾಟಿನ ಎದುರು ನೆಲದಲ್ಲಿ ಕೂತು ನಡೆಯಿತು. ಮಾತೆಲ್ಲ ಕನ್ನಡ, ನಡುವೆ ಸ್ವಲ್ಪ ತುಳು.

ಭಾಷೆಯ ವಿಷಯಕ್ಕೆ ಬರೋಣ. ಇಂಗ್ಲಿಷ್ ಪದಗಳು ಇಲ್ಲದೆ ಇದನ್ನು ಮಾಡಲಾಗುವುದಿಲ್ಲ ಎನ್ನುವವರಿಗೆ ನಮ್ಮ ಉತ್ತರ: ಪದಗಳು ಇರಲಿ, ಬೇಡ ಎಂದವರು ಯಾರು? ಮಾಸ್ಟರ್ ಅನ್ನು ಮಾಸ್ಟರ್ ಎಂದೇ ಕರೆಯೋಣ. ಆದರೆ ಅದು ಏನು ಮಾಡುತ್ತದೆ ಎಂಬ ತಿಳಿವಳಿಕೆ ಮಗುವಿನ ಸ್ವಂತ ಭಾಷೆಯಲ್ಲಿ ಕೂರಬೇಕು. ಲಿನಕ್ಸಿನ ಆಲ್ಸಾಮಿಕ್ಸರ್ ಎಂಬ ಪರದೆಯಲ್ಲಿ ಪ್ರತಿ ಕಂಬದ ಬುಡದಲ್ಲಿ ಎರಡು ಅಕ್ಷರ ಕಾಣುತ್ತದೆ. ಮುಚ್ಚಿದ್ದರೆ ಎಂಎಂ, ತೆರೆದಿದ್ದರೆ ಓಓ. ಮಕ್ಕಳು ಇದಕ್ಕೆ ಮಾಡಿಕೊಂಡ ಗುರುತು ಕೇಳಿ: "ಮ್‌ಮ್ ಅಂದ್ರೆ ಬಾಯಿ ಮುಚ್ಚಿದೆ, ಓ ಅಂದ್ರೆ ಬಾಯಿ ಬಿಟ್ಟಿದೆ." ಇದನ್ನು ಒಮ್ಮೆ ಕೇಳಿದ ಮಗು ಜನ್ಮದಲ್ಲಿ ಮರೆಯುವುದಿಲ್ಲ. ನಾವು ಅಧ್ಯಾಪಕರೂ ಈಗ ಹೀಗೆಯೇ ಹೇಳುತ್ತೇವೆ.

ಅವರದ್ದೇ ಸ್ಕ್ರ್ಯಾಚ್ ಆಟದಲ್ಲಿ ಇನ್ನೊಂದು ತೊಂದರೆ ಇತ್ತು. ಬಿಂದು ಗೆದ್ದಾಗ ಬರುವ ಟಿಂಗ್ ಶಬ್ದ ಕಿವಿ ಒಡೆಯುವಷ್ಟು, ಹುಡುಗಿ ತಾನೇ ಕನ್ನಡದಲ್ಲಿ ಹೇಳಿ ಧ್ವನಿಮುದ್ರಿಸಿದ "ಭಲೇ!" ಮಾತ್ರ ಕೇಳುವುದೇ ಇಲ್ಲ. ಟಿಂಗ್ ಬೇರೆಯವರದ್ದು, ಭಲೇ ನಮ್ಮದು, ಕೇಳದೆ ಹೋದದ್ದು ನಮ್ಮದೇ! ಇದಕ್ಕೆ ದಾರಿ ತೋರಿಸಿದ್ದು ಒಬ್ಬ ಹುಡುಗನ ಸೋದರಮಾವ. ಮೇಳದ ಆಟಗಳಿಗೆ, ಮದುವೆಗಳಿಗೆ ಮೈಕ್ ಸೆಟ್ ಹಾಕುವವರು. ಶಾಲೆ ಏಳನೆಯದಕ್ಕೆ ಬಿಟ್ಟವರು. ಅವರು ಹೇಳಿದ್ದು: "ಮೂಲದಲ್ಲಿ ಕಡಿಮೆ ಹಿಡಿದು ಕಡೆಯಲ್ಲಿ ಏರಿಸಿದ್ರೆ ಗೊರಗೊರ ಮಾತ್ರ ಏರೂದು ಮಾಷ್ಟ್ರೇ. ಭಾಗವತರ ಮೈಕ್ ಹತ್ತಿರ ಇಡಿ, ಆಮೇಲೆ ಕಡೆಯ ಗುಂಡಿ ಮುಟ್ಟಿ." ಇಂಥವರನ್ನು ನಾವು ಶಾಲೆಗೆ ವಾರ್ಷಿಕೋತ್ಸವದ ದಿನ ಮೈಕ್ ಕಟ್ಟಲು ಮಾತ್ರ ಕರೆಯುತ್ತೇವೆ, ಪಾಠ ಹೇಳಲು ಕರೆಯುವುದಿಲ್ಲ. ಕರೆಯಬೇಕು. ಹುಡುಗಿ ಮೈಕಿಗೆ ಬಾಯಿ ಹತ್ತಿರ ತಂದು ಮತ್ತೆ ಮುದ್ರಿಸಿದಳು, ಟಿಂಗ್ ಇರುವ ಪಾತ್ರಕ್ಕೆ ಶಬ್ದದ ಮಟ್ಟ 30 ಎಂದು ಇಟ್ಟಳು. ಸ್ಕ್ರ್ಯಾಚಿನಲ್ಲಿ ಈ ಮಟ್ಟ ಪಾತ್ರಕ್ಕೊಂದು ಬೇರೆಯಾಗಿರುವುದರಿಂದ ಇದು ಸಾಧ್ಯ.

ಮೈಕಿನ ಮಾವನ ಮಾತಿನಲ್ಲಿಯೇ ಇಡೀ ವ್ಯವಸ್ಥೆಯ ಸೂತ್ರವೂ ಇದೆ ಎನ್ನುವುದು ನಮ್ಮ ಎಣಿಕೆ. ಮೇಲಿನ ವಾಲ್ವ್‌ಗಳನ್ನೆಲ್ಲ ಒಮ್ಮೆ ಸರಿಯಾಗಿ ತೆರೆದು, ಮತ್ತೆ ಮುಟ್ಟಬಾರದು. ದಿನನಿತ್ಯ ತಿರುಗಿಸುವುದು ಕೊನೆಯ ಒಂದೇ ತಿರುಪು, ಅದೂ ಪೆಟ್ಟಿಗೆಯ ಎದುರಿಗೆ, ಕೈಗೆ ಸಿಗುವ ಹಾಗೆ ಇರಬೇಕು. ಪರದೆಯ ಒಳಗಿನ ಪಟ್ಟಿಗಳಲ್ಲಿ ಶಬ್ದ ಇಳಿಸುವ ಜಾಗ ಹುಡುಕುವಷ್ಟರಲ್ಲಿ ಮಲಗಿದ ಅಜ್ಜಿಗೆ ಎಚ್ಚರ ಆಗಿರುತ್ತದೆ.

ಆ ತಿರುಪು ಕೊಳ್ಳುವಾಗ ಗಮನಿಸಬೇಕಾದ ಒಂದು ಅಂಶ ಉಂಟು. ಅಂಗಡಿಯಲ್ಲಿ ಕೇಳಿದರೆ ಸಾಮಾನ್ಯವಾಗಿ ಬಿ10ಕೆ ಎಂದು ಬರೆದದ್ದನ್ನು ಕೊಡುತ್ತಾರೆ. ಅದು ಸಮಪ್ರಮಾಣದ್ದು. ಹಾಕಿದರೆ ಸ್ವಲ್ಪ ತಿರುಗಿಸುವಷ್ಟರಲ್ಲಿ ಶಬ್ದ ಪೂರ್ತಿ ಏರಿ, ಉಳಿದ ಸುತ್ತಿನಲ್ಲಿ ಏನೂ ವ್ಯತ್ಯಾಸ ಕಾಣುವುದಿಲ್ಲ. ತಿರುಪು ಹಾಳಾದದ್ದಲ್ಲ, ನಮ್ಮ ಕಿವಿ ಇರುವುದೇ ಹಾಗೆ. ಶಕ್ತಿ ಹತ್ತು ಪಟ್ಟಾದರೆ, ಅಂದರೆ 10 ಡೆಸಿಬೆಲ್ ಏರಿದರೆ, ಕಿವಿಗೆ ಸುಮಾರು ಎರಡು ಪಟ್ಟು ಜೋರು ಎಂದು ಅನಿಸುತ್ತದೆ. ಹಾಗಾಗಿ ಶಬ್ದಕ್ಕೆ ಲಾಗರಿತಂ ಪ್ರಮಾಣದ್ದು ಬೇಕು, ಸಾಮಾನ್ಯವಾಗಿ ಅದರ ಮೇಲೆ ಎ10ಕೆ ಎಂದಿರುತ್ತದೆ. ಎಡ ಬಲ ಎರಡಕ್ಕೂ ಸೇರಿ ಆರು ಕಾಲಿನದ್ದು ತೆಗೆದುಕೊಳ್ಳಬೇಕು. ಹತ್ತನೆಯಲ್ಲಿ ಲಾಗರಿತಂ ಎಂತಕ್ಕೆ ಬೇಕು ಎಂದು ಹಿಂದೆ ಶಿಷ್ಯರು ಕೇಳುತ್ತಿದ್ದರು. ಈಗ ಒಂದು ತಿರುಪು ಕೈಗೆ ಕೊಟ್ಟು ಉತ್ತರಿಸಬಹುದು. ಅದನ್ನು ಆಂಪ್ಲಿಫೈಯರಿಗೆ ಹೋಗುವ ವಯರಿನಲ್ಲಿ ಸೇರಿಸಬೇಕು, ಸ್ಪೀಕರಿನ ವಯರಿನಲ್ಲಿ ಅಲ್ಲ. ಪಿಎಎಂ8403 ಎಂಬ ಚಿಪ್ ಇರುವ ಆ ಪುಟ್ಟ ಬೋರ್ಡುಗಳಲ್ಲಿ ಎರಡು ಸ್ಪೀಕರುಗಳ ಮೈನಸ್ ವಯರುಗಳನ್ನು ಒಟ್ಟು ಸೇರಿಸುವುದಾಗಲಿ ಗ್ರೌಂಡಿಗೆ ಮುಟ್ಟಿಸುವುದಾಗಲಿ ಕೂಡದು, ಬೋರ್ಡು ಸುಡುತ್ತದೆ. ಆಂಪ್ಲಿಫೈಯರಿಗೆ ಕಂಪ್ಯೂಟರಿನ ಯುಎಸ್‌ಬಿಯಿಂದಲೇ ಕರೆಂಟು ಕೊಟ್ಟರೆ ಕೀಂಯ್ ಎಂಬ ಶಬ್ದ ಬರುವುದುಂಟು. ಬೇರೆ ಮೊಬೈಲ್ ಚಾರ್ಜರಿನಿಂದ ಕೊಟ್ಟರೆ ಹೆಚ್ಚಾಗಿ ಹೋಗುತ್ತದೆ. ಇನ್ನು ಮನೆಯ ಕರೆಂಟಿಗೆ ಸಿಕ್ಕಿಸುವ ಪೆಟ್ಟಿಗೆಯನ್ನು ಪ್ಲಗ್ ತೆಗೆಯದೆ ಬಿಚ್ಚಬಾರದು, ಕಂಪ್ಯೂಟರಿನ ಪವರ್ ಸಪ್ಲೈಯನ್ನಂತೂ ಪ್ಲಗ್ ತೆಗೆದರೂ ಬಿಚ್ಚಬಾರದು. ಇದು ಮಕ್ಕಳಿಗೆ ನಾವು ಹಾಕಿದ ಒಂದೇ ಒಂದು ಕಟ್ಟುನಿಟ್ಟು.

ಎಷ್ಟು ಜೋರು ಇಡಬೇಕು ಎನ್ನುವುದಕ್ಕೂ ಲೆಕ್ಕ ಉಂಟು. ವಿಶ್ವ ಆರೋಗ್ಯ ಸಂಸ್ಥೆ ಕಿವಿಯ ಸುರಕ್ಷೆಗೆ ಹೇಳುವ ಮಿತಿ ದೊಡ್ಡವರಿಗೆ ವಾರಕ್ಕೆ 40 ಗಂಟೆ 80 ಡೆಸಿಬೆಲ್, ಮಕ್ಕಳಿಗೆ ಅಷ್ಟೇ ಹೊತ್ತು 75. ಪ್ರತಿ 3 ಡೆಸಿಬೆಲ್ ಏರಿದರೆ ಕೇಳಬಹುದಾದ ಸಮಯ ಅರ್ಧವಾಗುತ್ತದೆ. ನೆರೆಹೊರೆಯ ದೃಷ್ಟಿಯಿಂದ ನೋಡಿದರೆ 2000ದ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ವಾಸದ ಪ್ರದೇಶಕ್ಕೆ ಹಗಲು 55, ರಾತ್ರಿ 10ರ ನಂತರ 45 ಡೆಸಿಬೆಲ್. ಮಕ್ಕಳು ಒಂದು ವಾರದ ಆಟದ ನಂತರ ತಿರುಪಿನ ಸುತ್ತ ಬಣ್ಣದಲ್ಲಿ ಒಂದು ಗೆರೆ ಎಳೆದರು. ಅದರಾಚೆ ತಿರುಗಿಸಿದರೆ ಅಮ್ಮ ಪ್ಲಗ್ ತೆಗೆಯುತ್ತಾರೆ ಎಂದು ಅದರ ಅರ್ಥ.

ಈಗ ಶಾಲೆಯ ಮಾತು. 2018ರಲ್ಲಿ ಶುರುವಾದ ಹೈಟೆಕ್ ಯೋಜನೆಯಲ್ಲಿ ಕೇರಳದ ಎಂಟರಿಂದ ಹನ್ನೆರಡರವರೆಗಿನ 45,000 ತರಗತಿಗಳಿಗೆ ಲ್ಯಾಪ್‌ಟಾಪ್, ಪ್ರೊಜೆಕ್ಟರ್, ಸ್ಪೀಕರ್ ಬಂದವು. ದೊಡ್ಡ ಕೆಲಸ, ಅದನ್ನು ಮೆಚ್ಚಲೇಬೇಕು. ಆದರೆ ತರಗತಿಯಲ್ಲಿ ವೀಡಿಯೋ ಹಾಕಿದಾಗ ಚಿತ್ರ ಬಂದು ಶಬ್ದ ಬಾರದೆ ಎಷ್ಟು ಪೀರಿಯಡ್‌ಗಳು ಹೋಗಿವೆ ಎಂದು ಅಧ್ಯಾಪಕ ಮಿತ್ರರು ಎದೆ ಮುಟ್ಟಿಕೊಂಡು ಹೇಳಬೇಕು. ಎಚ್‌ಡಿಎಂಐ ವಯರು ಸಿಕ್ಕಿಸಿದ ಕೂಡಲೇ ಲ್ಯಾಪ್‌ಟಾಪ್ ಶಬ್ದವನ್ನೂ ಪ್ರೊಜೆಕ್ಟರಿನ ಕಡೆಗೆ ಕಳುಹಿಸುವುದುಂಟು. ಪ್ರೊಜೆಕ್ಟರಿನಲ್ಲಿ ಸ್ಪೀಕರ್ ಇಲ್ಲದಿದ್ದರೆ, ಇದ್ದರೂ ಅದರ ಶಬ್ದ ಇಳಿಸಿದ್ದರೆ, ಪಾಠ ಮೂಕವಾಗುತ್ತದೆ. ಸೌಂಡ್ ಸೆಟ್ಟಿಂಗಿನಲ್ಲಿ ಹೊರದಾರಿಯನ್ನು ಸ್ಪೀಕರಿಗೆ ಬದಲಿಸಿದರೆ ಮುಗಿಯಿತು. ಆಟದ ಪೆಟ್ಟಿಗೆಯಲ್ಲಿಯೂ ಇದೇ ತೊಂದರೆ ಒಮ್ಮೆ ಬಂದಿತ್ತು, ಮಕ್ಕಳು ಎರಡು ನಿಮಿಷದಲ್ಲಿ ಸರಿಮಾಡಿದರು. ಅದೇ ಮಕ್ಕಳು ತರಗತಿಯಲ್ಲಿ ಕೈಕಟ್ಟಿ ಕೂರಬೇಕು, ಏಕೆಂದರೆ 'ಮಕ್ಕಳು ಮುಟ್ಟಬಾರದು'. ನಮಗೆ ಗೊತ್ತಿರುವ ಒಂದು ಶಾಲೆಯಲ್ಲಿ ಸ್ಪೀಕರುಗಳನ್ನು ಹಾಳಾಗಬಾರದೆಂದು ಕಪಾಟಿನೊಳಗೆ ಬೀಗ ಹಾಕಿ ಇಟ್ಟಿದ್ದರು. ಹಾಳಾಗಲಿಲ್ಲ, ನಿಜ. ಕೇಳಿಸಲೂ ಇಲ್ಲ.

ಕೊರೊನಾ ಕಾಲದಲ್ಲಿ, 2020ರ ಜೂನ್ 1ರಿಂದ, ವಿಕ್ಟರ್ಸ್ ಚಾನೆಲಿನಲ್ಲಿ 'ಫಸ್ಟ್ ಬೆಲ್' ತರಗತಿಗಳು ಶುರುವಾದವು. ಕನ್ನಡ ಮಾಧ್ಯಮದವರಿಗೆ ಕನ್ನಡದಲ್ಲಿಯೂ ಪಾಠಗಳು ತಯಾರಾದವು. ಆಗ ಎಷ್ಟೋ ಮನೆಗಳಿಂದ ನಮಗೆ ಬಂದ ಫೋನು ಪಾಠದ ಬಗ್ಗೆ ಅಲ್ಲ, ಶಬ್ದದ ಬಗ್ಗೆ. ಮಗುವಿನ ಭಾಷೆಯಲ್ಲಿ ಪಾಠ ಸಿಕ್ಕಿಯೂ ಅದು ಕಿವಿಗೆ ತಲುಪದೆ ಹೋಗಲು ಒಂದು ಮುಚ್ಚಿದ ವಾಲ್ವ್ ಸಾಕು.

ಹಾಗಾಗಿ ನಮ್ಮ ಬೇಡಿಕೆ ಇಷ್ಟು. ಪ್ರತಿ ತರಗತಿಯಲ್ಲಿ ಇಬ್ಬರು ಮಕ್ಕಳಿಗೆ ಶಬ್ದದ ದಾರಿಯ ಹೊಣೆ ಕೊಡಿ, ಹುಡುಗಿಯರಿಗೂ ಕೊಡಿ. ಸಾಮಾನ್ಯವಾಗಿ ವಯರು ಹಿಡಿಯಲು ಹುಡುಗರನ್ನು, ರಂಗೋಲಿಗೆ ಹುಡುಗಿಯರನ್ನು ಕರೆಯುವ ಅಭ್ಯಾಸ ನಮ್ಮಲ್ಲಿದೆ. ಗೋಡೆಯ ಮೇಲೆ ಆ ದಾರಿಯ ಚಿತ್ರವನ್ನು ಕನ್ನಡದಲ್ಲಿ ಬರೆದು ಅಂಟಿಸಿ. ದೂರು ದಾಖಲಿಸುವ ಮೊದಲು ಮಕ್ಕಳು ಹುಡುಕಲಿ. ಖಾತರಿ ಅವಧಿಯ ಯಂತ್ರವನ್ನು ಬಿಚ್ಚುವುದು ಬೇಡ, ಸರಿ. ಆದರೆ ಪರದೆಯಲ್ಲಿ ಕಾಣುವ ಮಟ್ಟಗಳನ್ನು ನೋಡಲು, ವಯರು ಬದಲಿಸಿ ಪರೀಕ್ಷಿಸಲು ಯಾರ ಅಪ್ಪಣೆ ಬೇಕು? ಬಿಚ್ಚಲಿಕ್ಕೆಂದೇ ಹಾಳಾದ ಕೀಬೋರ್ಡು, ಸ್ಪೀಕರುಗಳು ಪ್ರತಿ ಊರಿನ ಅಟ್ಟದಲ್ಲಿ ಉಂಟು.

ಆಟ ಆಡಿ ಮಕ್ಕಳು ಹಾಳಾಗುತ್ತಾರೆ ಎನ್ನುವ ಹೆತ್ತವರ ಆತಂಕವನ್ನು ನಾವು ತಳ್ಳಿಹಾಕುವುದಿಲ್ಲ. ಮೊಬೈಲಿನಲ್ಲಿ ಒಬ್ಬನೇ ಮೂಲೆ ಸೇರಿ ಆಡುವುದನ್ನು ನೋಡಿದರೆ ನಮಗೂ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ಕಪಾಟಿನ ಎದುರು ನಾಲ್ಕು ಮಕ್ಕಳು ನಿಂತು, ಸರದಿಗಾಗಿ ಜಗಳಾಡಿ, ಕೆಟ್ಟಾಗ ಸೇರಿ ಹುಡುಕುವುದು ಬೇರೆಯೇ ಸಂಗತಿ. ಮೊಬೈಲನ್ನು ಬಿಚ್ಚಿ ನೋಡಲಾಗುವುದಿಲ್ಲ, ಈ ಕಪಾಟಿನ ಹಿಂಬದಿಗೆ ಬಾಗಿಲೇ ಇಲ್ಲ.

ಆ ಹುಡುಗಿಯ ತಂದೆಯವರು ಮೊನ್ನೆ ಸಿಕ್ಕಿದ್ದರು. ಮಾಧ್ಯಮದ ವಿಷಯ ಅವರೂ ಎತ್ತಲಿಲ್ಲ, ನಾವೂ ಎತ್ತಲಿಲ್ಲ. ತೋಟದ ಪಂಪಿನ ಸ್ಟಾರ್ಟರ್ ಆಗಾಗ ಟ್ರಿಪ್ ಆಗುತ್ತದಂತೆ. ಮಗಳು ಚಿತ್ರ ಬರೆಯಲು ಕೂತಿದ್ದಾಳೆ, ಕರೆಂಟಿನ ವಿಷಯವಾದ್ದರಿಂದ ಲೈನ್‌ಮ್ಯಾನ್ ಬಂದ ಮೇಲೆಯೇ ಮುಟ್ಟುವುದು ಎಂದು ಅವಳೇ ಹೇಳಿದ್ದಾಳಂತೆ. ಪೆಟ್ಟಿಗೆಯ ಬಲಬದಿಯ ಸ್ಪೀಕರ್ ಮಾತ್ರ ಈಗಲೂ ಮಳೆ ಬಂದ ದಿನ ಕರಕರ ಎನ್ನುತ್ತದೆ. ವಯರಿನ ಬೆಸುಗೆಯೋ, ಒದ್ದೆ ಹಿಡಿದ ಕಾಗದದ ಕೋನೋ ಎಂದು ಮಕ್ಕಳಲ್ಲಿ ಎರಡು ಪಕ್ಷ ಆಗಿದೆ. ಎಡದ್ದನ್ನು ಬಲಕ್ಕೆ ಹಾಕಿ ನೋಡಲು ಮುಂದಿನ ಮಳೆ ಕಾಯುತ್ತಿದ್ದಾರೆ.